ಅಣ್ಣನ ಪಾಲಿನ ಖಂಡ

ಅಣ್ಣ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಜಗಳವಾಗಿರಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಳದಲ್ಲಿ ಅವನೂ ಒಂದೆರಡು ಒರಟು ಮಾತಾಡುತ್ತಿದ್ದ, ಅದನ್ನೇ ಹಿಡಿದುಕೊಂಡು ನಾನು ನೆಮ್ಮದಿಯಿಂದ ಇರಬಹುದಿತ್ತು. ಅವನು ಏನೂ ಅನ್ನದೆ ಎದ್ದು ಹೋದದ್ದರಿಂದ ತಪ್ಪೆಲ್ಲ ನನ್ನ ಹತ್ತಿರವೇ ಉಳಿಯಿತು.

ನಾವು ಬೀರಪ್ಪನ ಒಕ್ಕಲು. ಅಪ್ಪ ತೀರಿಕೊಂಡ ಮೇಲೆ ಕುರಿಗಳು ಅಣ್ಣನ ಪಾಲಿಗೆ ಬಂದವು, ಶಾಲೆ ನನ್ನ ಪಾಲಿಗೆ ಬಂತು. ಅವನು ವರ್ಷದ ಎಂಟು ತಿಂಗಳು ಹಿಂಡಿನ ಹಿಂದೆ ನಡೆದ. ನಾನು ಮರೋಳದ ಏತ ನೀರಾವರಿ ಕೆಲಸದ ಕಚೇರಿಯಲ್ಲಿ ಗುಮಾಸ್ತನಾಗಿ, ಹುನಗುಂದದಲ್ಲಿ ಬಾಡಿಗೆ ಮನೆ ಹಿಡಿದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಏನಾದರೂ ಕೆಟ್ಟದ್ದಾದೀತೆಂದು ದಿನವೂ ಹೆದರುತ್ತ ಕುಳಿತೆ. ಮನೆಯ ಮಾಲಕರು ಬಸವಣ್ಣನ ಭಕ್ತರು. ಅವರ ತಾಯಿ ಬೆಳಗಾಗುವ ಮುಂಚೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂಡುವ ಮುದುಕಿ. ನಮ್ಮ ಅಡಿಗೆಮನೆಗೂ ಅವರ ಪೂಜೆಯ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಯನ್ನು ನೆನೆಸಿಕೊಂಡು ನಾನು ಮೊಟ್ಟೆಯನ್ನು ಕೂಡ ಪತ್ರಿಕೆಯಲ್ಲಿ ಸುತ್ತಿ ಒಳಗೆ ತರುತ್ತಿದ್ದೆ.

ಅಂಥ ಮನೆಗೆ ಒಂದು ಮಧ್ಯಾಹ್ನ ಅಣ್ಣ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಬಟ್ಟೆಯ ಗಂಟು. ಗಂಟಿನಲ್ಲಿ ಅವನೇ ಅಡವಿಯಲ್ಲಿ ಹೊಗೆ ಕೊಟ್ಟು ಒಣಗಿಸಿದ ಕುರಿಯ ಖಂಡ. ಸಣ್ಣವನಿದ್ದಾಗ ಅದಕ್ಕಾಗಿ ನಾನು ಅತ್ತು ಹೊರಳಾಡುತ್ತಿದ್ದೆನಂತೆ. ಗಂಟು ಬಿಚ್ಚಿದ್ದೇ ತಡ, ವಾಸನೆ ಗೋಡೆಯ ಆಚೆ ಹೋಗುವುದು ನನ್ನ ಕಣ್ಣಿಗೇ ಕಂಡಂತಾಯಿತು. "ಇದಕ್ಕ ಗಾಳಿ ಆಡ್ಲಿ ಅಣ್ಣಾ" ಎಂದು ಏನೋ ತೊದಲಿ, ಅದನ್ನು ಒಯ್ದು ಹೊರಗಿನ ಕಟ್ಟೆಯ ಮೇಲಿಟ್ಟೆ. ಅವನು ಚಹಾ ಕುಡಿಯುತ್ತಿದ್ದಂತೆ, ತೆರೆದ ಬಾಗಿಲಿನ ಎದುರಿಗೇ, ಓಣಿಯ ನಾಯಿ ಗಂಟನ್ನು ಕಚ್ಚಿಕೊಂಡು ಓಡಿತು. ಅಣ್ಣ ನೋಡಿದ. ಕಪ್ಪು ಕೆಳಗಿಟ್ಟ. ಕಂಬಳಿ ಎತ್ತಿಕೊಂಡ. ಏನು ಹೇಳಿದರೆ ಸರಿಯಾದೀತೆಂದು ನಾನು ಯೋಚಿಸುತ್ತಿರುವಾಗಲೇ ಅವನು ಬಸ್ ಸ್ಟ್ಯಾಂಡು ದಾಟಿ ಹೋಗಿದ್ದ.

ಸಂಜೆ ಮಾಲಕರ ತಾಯಿ ಕೇಳಿದರು. "ನಿಮ್ಮಣ್ಣ ಉಣ್ಣದ ಹ್ವಾದ್ನೇನ್ರಿ? ನನಗೊಂದ ಮಾತ ಹೇಳಿದ್ರ ಬಿಸಿ ರೊಟ್ಟಿ ಕೊಡ್ತಿದ್ದೆ."

"ಅಂವ ಖಂಡ ತಂದಿದ್ನರಿ. ನಿಮಗ ವಾಸನಿ..." ಎಂದೆ.

"ನಿಮ್ಮ ಮನ್ಯಾಗ ನೀವೇನ ತಿಂತೀರಿ ಅಂತ ನಾ ಯಾಕ್ ಮೂಸಿ ನೋಡ್ಲಿ?" ಎಂದು ಅವರು ತಮ್ಮ ಪಾಡಿಗೆ ಹೂ ಕಟ್ಟಲು ಕೂತರು. ಆ ಮನೆಯಲ್ಲಿ ಹೆದರಿದ್ದವನು ನಾನೊಬ್ಬನೇ ಎಂಬುದು ಆಗ ತಿಳಿಯಿತು. ಅಷ್ಟೊತ್ತಿಗೆ ತಡವಾಗಿತ್ತು.

ಆಮೇಲೆ ಅಣ್ಣ ಹಿಂಡು ಬಿಟ್ಟು ಊರಿಗೆ ಬಂದರೂ ನಾನು ಇಲ್ಲದ ದಿನ ನೋಡಿ ಬರುತ್ತಿದ್ದ. ಅವ್ವ ಇದ್ದದ್ದು ಬೇವೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ. ಎರಡು ವರ್ಷ ಇಬ್ಬರು ಮಕ್ಕಳಿಗೂ ಬೇರೆ ಬೇರೆ ದಿನ ಅಡಿಗೆ ಮಾಡಿ ಹಾಕಿ ಅವಳಿಗೆ ಸಾಕಾಯಿತು. ಬೀರಪ್ಪನ ಮುಂದೆ ಹೋಗಿ ಹರಕೆ ಹೊತ್ತಳು: ಒಂದು ಟಗರು ಕೊಡುತ್ತೇನೆ, ಅದರ ಖಂಡವನ್ನು ನನ್ನ ಇಬ್ಬರು ಮಕ್ಕಳೂ ಒಂದೇ ಗಂಗಾಳದಲ್ಲಿ ಉಣ್ಣಬೇಕು. ಪೂಜಾರಿ ಮಣ್ಣೆತ್ತಿನ ಅಮವಾಸ್ಯೆಯ ಹಿಂದಿನ ಮಂಗಳವಾರವನ್ನು ಗೊತ್ತುಮಾಡಿಕೊಟ್ಟ. ಅಷ್ಟರೊಳಗೆ ಅಣ್ಣ ಹಿಂಡು ಹೊಡೆದುಕೊಂಡು ಊರಿಗೆ ತಿರುಗುವ ಲೆಕ್ಕ. ಅವ್ವ ಹೇಳಿಕಳಿಸಿದ್ದಕ್ಕೆ "ಬರ್ತೇನಿ" ಎಂದಿದ್ದ. ನಾನೂ ಇರುತ್ತೇನೆಂಬುದು ಗೊತ್ತಿದ್ದೂ ಅಂದನೋ, ಗೊತ್ತಿಲ್ಲದೆ ಅಂದನೋ ಎಂದು ನಾನು ಹದಿನೈದು ದಿನ ಚಿಂತಿಸಿದೆ.

ಮಂಗಳವಾರಕ್ಕೆ ಎರಡು ದಿನ ಮುಂಚೆ ನಾನೂ ಹೆಂಡತಿಯೂ ಊರಿಗೆ ಬಂದೆವು. ಅಂದೇ ಬಾದಾಮಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಮಲಪ್ರಭೆಗೆ ಹೊಸ ನೀರು ಬಂದಿದೆ, ಹಿಂಡಿನಲ್ಲಿ ಹತ್ತಾರು ಕುರಿ ಈದಿವೆ, ಎಳೆ ಮರಿಗಳನ್ನು ಹೊಳೆ ದಾಟಿಸಲಾಗುವುದಿಲ್ಲ. ಅಣ್ಣ ಬರುವುದು ಇನ್ನೂ ಎಂಟು ಹತ್ತು ದಿನ ತಡ.

"ಹಂಗಾರ ಟಗರು ಅಂವ ಬಂದ ಮ್ಯಾಲೆ ಕೊಯ್ಯೂಣು" ಎಂದೆ.

"ದೇವರಿಗೆ ಹೇಳಿದ ದಿನ ಹಿಂದಮುಂದ ಮಾಡಾಕ ಅದೇನ ನಿಮ್ಮ ಕಚೇರಿ ಅಂತ ತಿಳ್ಕೊಂಡಿಯೇನು?" ಎಂದಳು ಅವ್ವ.

"ಬ್ಯಾರೆ ಟಗರು ತಂದರ?"

"ನಡಿಯಂಗಿಲ್ಲ. ಅದ ಟಗರು. ಇಬ್ಬರೂ. ಈ ಮನ್ಯಾಗ. ಅಂವ ಬರೂತನಕ ನೀನೂ ಬಾಯಿಗೆ ಹಾಕ್ಕೊಳಂಗಿಲ್ಲ, ಮತ್ಯಾರೂ ಎತ್ತಿಟ್ಟ ಪಾಲಿಗೆ ಬಾಯಿ ಹಚ್ಚಂಗಿಲ್ಲ. ಎಂಜಲಾದ್ರ ಹರಕಿ ಮುರೀತೈತಿ."

ಹಾಗಾಗಿ ಎಂಟು ಹತ್ತು ದಿನ ಒಂದು ತೊಡೆಯ ಖಂಡವನ್ನು ಕೆಡದಂತೆ ಇಡುವುದು ನನ್ನ ಪಾಲಿನ ಕೆಲಸವಾಯಿತು. ಬಿಸಿಲಿದ್ದಿದ್ದರೆ ಹಗ್ಗಕ್ಕೆ ನೇತುಹಾಕಿ ಒಣಗಿಸಬಹುದಿತ್ತು, ಅದು ಹೆಂಗಸರಿಗೆಲ್ಲ ಗೊತ್ತಿದ್ದ ಕೆಲಸ. ಆದರೆ ಮುಂಗಾರಿನ ಮಿರಗದ ಮಳೆ ಹಿಡಿದುಕೊಂಡಿತ್ತು. ಹನಿ ನಿಂತರೆ ಮೋಡ, ಮೋಡ ಸರಿದರೆ ಹನಿ. ಒಲೆಯ ಮೇಲೆ ಹೊಗೆಗೆ ಕಟ್ಟೋಣವೆಂದರೆ ಅವ್ವನ ಮನೆಯಲ್ಲಿ ಒಲೆಯೇ ಇರಲಿಲ್ಲ. ಹಿಂದಿನ ವರ್ಷ ನಾನೇ ಸೀಮೆಎಣ್ಣೆಯ ಸ್ಟೋವ್ ತಂದುಕೊಟ್ಟು, "ಹೊಗಿಗೆ ಕಣ್ಣ ಹೋಗ್ತಾವು" ಎಂದು ಭಾಷಣ ಮಾಡಿ, ಒಲೆಯನ್ನು ಕೆಡವಿಸಿ, ಬೆಳಕಿಂಡಿಗೆ ತಗಡು ಬಡಿಸಿದ್ದೆ. ಹೊಗೆ ಕೊಡುವ ಕಲೆ ಬಲ್ಲವರು ಹಿಂಡಿನ ಗಂಡಸರು. ಅವರೆಲ್ಲ ಹೊಳೆಯ ಆಚೆ ಇದ್ದರು. ನನಗೆ ನೆನಪಿದ್ದದ್ದು ಒಂದೇ ಚಿತ್ರ. ಅಪ್ಪ ಅಡವಿಯಲ್ಲಿ ಒಂದು ದೊಡ್ಡ ಮಣ್ಣಿನ ಗಡಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಒಳಗೆ ಕೆಂಡ, ಬಾಯಿಗೆ ಅಡ್ಡಲಾಗಿ ಕೋಲು, ಕೋಲಿಗೆ ಜೋತುಬಿದ್ದ ಖಂಡ. ಆ ಗಡಿಗೆ ಎಂಥದು, ಕೆಂಡ ಯಾವ ಕಟ್ಟಿಗೆಯದು, ಎಷ್ಟು ಹೊತ್ತು, ಇದಾವುದೂ ನನಗೆ ನೆನಪಿರಲಿಲ್ಲ. ಆಗ ನಾನು ಖಂಡ ಯಾವಾಗ ಬಾಯಿಗೆ ಬಂದೀತೆಂಬುದನ್ನಷ್ಟೇ ನೋಡುತ್ತಿದ್ದೆ.

ಸೋಮವಾರ ಬಾಗಲಕೋಟೆಗೆ ಹೋದೆ. ಬಸ್ಸಿನಲ್ಲಿ ಕೂತು ಹೀಗೆ ತರ್ಕ ಮಾಡಿದೆ: ಮಣ್ಣಿನ ಗಡಿಗೆ ನೀರು ಹೀರುತ್ತದೆ, ಹೀರಿದ್ದು ಹಳಸುತ್ತದೆ. ಉಪ್ಪಿನಕಾಯಿಯನ್ನು ಪಿಂಗಾಣಿ ಬರಣಿಯಲ್ಲಿ ಇಡುತ್ತಾರೆ, ಅದು ವರ್ಷಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಬರಣಿಯೇ ಸರಿ. ನನ್ನ ಜೀವನದ ತಪ್ಪುಗಳೆಲ್ಲ ಹೀಗೆ ಒಳ್ಳೆಯ ತರ್ಕದಿಂದಲೇ ಆದವು.

ಅಂಗಡಿಯವನು ಮೊಣಕಾಲೆತ್ತರದ ಒಂದು ಬರಣಿ ಇಳಿಸಿದ. ಮೇಲೆ ಕಂದು, ಕೆಳಗೆ ಬಿಳಿ. "ಎಷ್ಟ ಕಾಯಿ ಹಾಕ್ತೀರಿ?" ಎಂದು ಕೇಳಿದ.

"ಒಂದ್... ಸ್ವಲ್ಪ ದೊಡ್ಡ ಉಪ್ಪಿನಕಾಯಿ" ಎಂದೆ. ಆಮೇಲೆ ಧೈರ್ಯ ಮಾಡಿ, "ಇದು ಬೆಂಕಿ ತಡೀತೈತೇನ್ರಿ?"

ಅವನು ನನ್ನ ಮುಖ ನೋಡಿದ. "ಉಪ್ಪಿನಕಾಯಿಗೆ ಬೆಂಕಿ ಯಾಕ್ರಿ?"

ನಾನು ದುಡ್ಡು ಎಣಿಸಿ ಕೊಟ್ಟೆ. ಬರಣಿಯನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ಬಂದೆ.

ಮಂಗಳವಾರ ಬೆಳಿಗ್ಗೆ ಹರಕೆ ಮುಗಿಯಿತು. ಓಣಿಗೆಲ್ಲ ಸಾರಿನ ಊಟ. ನನಗೆ ಮಾತ್ರ ರೊಟ್ಟಿ, ಶೇಂಗಾ ಹಿಂಡಿ. ಅಣ್ಣನ ಪಾಲಿನ ತೊಡೆಯನ್ನು ಅವ್ವ ಉದ್ದುದ್ದ ಪಟ್ಟಿಯಾಗಿ ಕೊಯ್ದು, ಉಪ್ಪು, ಅರಿಷಿಣ, ಖಾರದ ಪುಡಿ ತಿಕ್ಕಿ, ಒಂದು ಬುಟ್ಟಿಯಲ್ಲಿಟ್ಟು ನನ್ನ ಮುಂದೆ ತಂದಿಟ್ಟಳು. "ಇನ್ನ ನಿನ್ನ ಕೈಯಾಗೈತಿ" ಎಂದಳು. ನಾನು ಜಾಲಿಯ ಇದ್ದಿಲನ್ನು ಶೆಗಡಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಒಂದೊಂದೇ ಕೆಂಡ ಎತ್ತಿ ಬರಣಿಗೆ ಹಾಕಿದೆ. ಮೂರನೆಯ ಕೆಂಡಕ್ಕೆ ಢಬ್ ಎಂದು ಸದ್ದಾಗಿ ಬರಣಿ ಎರಡು ಹೋಳಾಯಿತು. ಊಟಕ್ಕೆ ಬಂದಿದ್ದವರೆಲ್ಲ ಹಿತ್ತಲಿಗೆ ಓಡಿಬಂದರು.

ನನ್ನ ಹೆಂಡತಿ ಹೋಳುಗಳನ್ನು ನೋಡಿ, "ಪುಣ್ಯಾ, ಇನ್ನೂ ಉಪ್ಪಿನಕಾಯಿ ಹಾಕಿದ್ದಿಲ್ಲ" ಎಂದಳು.

ಕುಂಬಾರ ಕಾಕಾ ನಮ್ಮ ಹಿಂದಿನ ಓಣಿಯವನು. ಅವನಲ್ಲಿಗೆ ಮೊದಲೇ ಹೋಗಬಹುದಿತ್ತು. ಆದರೆ ನೌಕರಿಯಲ್ಲಿದ್ದವನು ಪೇಟೆಗೆ ಹೋಗಬೇಕೆಂಬ ಅಭಿಪ್ರಾಯ ನನ್ನಲ್ಲಿ ಹೇಗೋ ಬೆಳೆದಿತ್ತು. ಹೋದಾಗ ಅವನು ಮಣ್ಣೆತ್ತು ಮಾಡುತ್ತಿದ್ದ. ಅಮವಾಸ್ಯೆಗೆ ಊರ ಪ್ರತಿ ಮನೆಗೂ ಒಂದು ಜೋಡಿ ಕೊಡಬೇಕು. ಜಗಲಿಯ ತುಂಬ ಹಸಿ ಮಣ್ಣಿನ ಎತ್ತುಗಳು, ಕೆಲವಕ್ಕೆ ಇನ್ನೂ ಕೊಂಬಿರಲಿಲ್ಲ. ನಾನು ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತು ಕಥೆಯನ್ನೆಲ್ಲ ಹೇಳಿದೆ.

"ಬರಣಿಯೊಳಗ ಬೆಂಕಿ ಹಾಕ್ದೆಂತಲ್ಲೋ ತಮ್ಮಾ" ಎಂದ ಅವನು, ಒಂದು ಎತ್ತಿನ ಬೆನ್ನಿಗೆ ಹಿಣಿಲು ಕೂರಿಸುತ್ತ. ಸುದ್ದಿ ನನಗಿಂತ ಮುಂಚೆ ಬಂದಿತ್ತು. "ನಿಮ್ಮಪ್ಪ ಇದ್ದಿದ್ರ ಕಂಬಳಿ ಮುಸುಕ ಹಾಕ್ಕೊಂಡ ನಗ್ತಿದ್ದ."

"ಒಂದ್ ಗಡಿಗಿ ಮಾಡ್ಕೊಡ ಕಾಕಾ."

"ಈಗ ಮಾಡಿದ್ರ ಒಣಗಾಕ ಬಿಸಲಿಲ್ಲ. ಒಣಗಿದ್ರ ಆವಿಗಿ ಹಚ್ಚಾಕ ಮಳಿ ಬಿಡಂಗಿಲ್ಲ. ಸುಟ್ಟವು ಒಳಗದಾವು, ನೋಡಿ ತಗೋ. ಎಡಕ್ಕಿನ ಸಾಲು ನೀರಿನವು, ಬಲಕ್ಕಿನವು ಬೆಂಕಿವು. ಬೆಂಕಿವಕ್ಕ ಮಣ್ಣಾಗ ಉಸುಕ ಹೆಚ್ಚ ಹಾಕಿರ್ತೇನಿ, ಒಡಿಯಂಗಿಲ್ಲ."

ನಾನು ಬಲಗಡೆಯ ಸಾಲಿನ ಮುಂದೆ ಕೂತು ಒಂದೊಂದನ್ನೂ ಬೆರಳಿನಿಂದ ಬಡಿದೆ, ಬೆಳಕಿಗೆ ಹಿಡಿದು ನೋಡಿದೆ, ಒಳಗೆ ಮುಖ ಹಾಕಿ ಇಣುಕಿದೆ. ಕಾಕಾ ಕೂತಲ್ಲಿಂದಲೇ ಒಂದು ಹರವಿಯತ್ತ ಮಣ್ಣಿನ ಕೈ ತೋರಿಸಿದ. "ಅದನ್ನ ಒಯ್ಯಿ." ಸೊಂಟದಷ್ಟು ಎತ್ತರದ ಹರವಿ, ಬಾಯಿ ಅಗಲ. ಆದರೆ ತಳದ ಹತ್ತಿರ ಹೆಬ್ಬೆರಳು ಹೋಗುವಂಥ ತೂತು. ಗಡಿಗೆ ಸುಡುವ ಆವಿಗೆಯಲ್ಲಿ ಪಕ್ಕದ ಗಡಿಗೆ ತಗುಲಿ ಆದ ತೂತಂತೆ.

ತೂತಿನ ಗಡಿಗೆ! ನನಗೆ ಅವಮಾನವಾಯಿತು. ದೇವರ ಹರಕೆ, ಎರಡು ವರ್ಷದ ಮೇಲೆ ಬರುವ ಅಣ್ಣ, ಅದಕ್ಕೆ ಯಾರೂ ಒಯ್ಯದೆ ಉಳಿದ ಗಡಿಗೆಯೇ? "ತೂತಿಲ್ಲದ್ದು ಬೇಕ ಕಾಕಾ" ಎಂದೆ. ಅವನು "ನೀ ಓದಿದಾಂವ" ಎಂದು ಎತ್ತಿನ ಕಡೆ ತಿರುಗಿದ. ನಾನು ಎಲ್ಲಿಯೂ ಒಂದು ಕೂದಲೆಳೆಯ ಬಿರುಕೂ ಇಲ್ಲದ ಹರವಿಯನ್ನು ಆರಿಸಿ ಹೊತ್ತು ತಂದೆ.

ಹೊಸ ಹರವಿ ಒಡೆಯಲಿಲ್ಲ. ಅದರ ತಳಕ್ಕೆ ಕೆಂಡ ಸುರಿದು, ಬಾಯಿಗೆ ಕೋಲು ಕೊಟ್ಟು, ಖಂಡ ಜೋತುಬಿಟ್ಟು, ಮೇಲೆ ಹಿಟ್ಟು ಕಲಸುವ ಪರಾತ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕೆಂಡ ಸತ್ತಿತು. ಮತ್ತೆ ಹಾಕಿದೆ, ಮತ್ತೆ ಸತ್ತಿತು. ಪರಾತ ತೆಗೆದರೆ ಕೆಂಡ ಉರಿಯುತ್ತದೆ, ಹೊಗೆ ಹೋಗಿಬಿಡುತ್ತದೆ. ಮುಚ್ಚಿದರೆ ಹೊಗೆ ಇರುತ್ತದೆ, ಕೆಂಡ ಸಾಯುತ್ತದೆ. ಮೂರು ಸಲ ಹೀಗಾದ ಮೇಲೆ ನಾನು ಹರವಿಯ ಮುಂದೆ ಸುಮ್ಮನೆ ಕೂತೆ.

"ಶೆಗಡಿಗೆ ಕೆಳಗ ಕಿಂಡಿ ಯಾಕ ಇರ್ತೈತ್ರಿ?" ಎಂದು ಹೆಂಡತಿ ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದವಳಂತೆ ಕೇಳಿದಳು, ಅದೇ ಹೆಚ್ಚು ಚುಚ್ಚಿತು.

ಹರವಿಯನ್ನು ಹೊತ್ತುಕೊಂಡು ವಾಪಸು ಹೋದೆ. ಕಾಕಾ ಇನ್ನೂ ಎತ್ತು ಮಾಡುತ್ತಿದ್ದ. ತೂತಿನ ಹರವಿಯನ್ನು ಬಾಗಿಲಿಗೆ ತಂದಿಟ್ಟು ಕೂತಿದ್ದ.

ಇನ್ನು ಹೊಗೆ. ಬರೇ ಇದ್ದಿಲಿಗೆ ಹೊಗೆ ಸಾಲದು, ಮೇಲೆ ಏನಾದರೂ ಹಾಕಬೇಕು, ಅಷ್ಟು ನನಗೆ ತಿಳಿದಿತ್ತು. ಏನು? ಅವ್ವ ಬಳಗದವರನ್ನು ಕಳಿಸಲು ಊರ ಅಗಸಿ ಬಾಗಿಲ ತನಕ ಹೋಗಿದ್ದಳು. ನಾನು ಮತ್ತೆ ತರ್ಕಕ್ಕೆ ಕೂತೆ. ನಮ್ಮ ಸೀಮೆಯಲ್ಲಿ ಜೋಳ ತುಂಬುವಾಗ ನಡುನಡುವೆ ಒಣಗಿದ ಬೇವಿನ ಸೊಪ್ಪು ಹಾಕುತ್ತೇವೆ, ಹುಳ ಹತ್ತುವುದಿಲ್ಲ. ಉಣ್ಣೆಯ ಕಂಬಳಿ ಮಡಚಿಡುವಾಗ ಬೇವು. ಸೊಳ್ಳೆಗೆ ಬೇವಿನ ಹೊಗೆ. ಬಾಣಂತಿಯ ಕೋಣೆಗೆ ಬೇವಿನ ಹೊಗೆ. ಕೆಡದಂತೆ ಕಾಯುವುದು ಬೇವೇ ಅಲ್ಲವೇ? ಅಟ್ಟದ ಮೇಲಿದ್ದ ಒಣ ಸೊಪ್ಪನ್ನೂ ಕಡ್ಡಿಗಳನ್ನೂ ತಂದು ಹಿಡಿ ಹಿಡಿಯಾಗಿ ಕೆಂಡದ ಮೇಲೆ ಹಾಕಿದೆ. ಎಂಥ ಹೊಗೆ ಬಂತೆಂದರೆ, ಅಷ್ಟು ಚಂದದ ಹೊಗೆಯನ್ನು ನಾನು ನೋಡಿರಲಿಲ್ಲ. ಬೆಳ್ಳಗೆ, ದಪ್ಪಗೆ, ಪರಾತದ ಅಂಚಿನಿಂದ ಮೆಲ್ಲಗೆ ಇಳಿಯುತ್ತಿತ್ತು. ಆ ದಿನ ಮೊದಲ ಸಲ ನನಗೆ ನನ್ನ ಮೇಲೆ ಭರವಸೆ ಬಂತು.

ಅವ್ವ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ಮೂಗು ಎತ್ತಿದಳು. "ಏನ್ ಹಾಕೀಯೋ?"

"ಬೇವು. ಹುಳಾ ಬೀಳಬಾರ್ದಲ್ಲ."

ಅವಳು ಪರಾತ ಸರಿಸಿ ಒಳಗೆ ಇಣುಕಿದಳು. "ಜ್ವಾಳಕ್ಕ ಹಾಕೂದು ಖರೆ..." ಎಂದಳು. "ಆದ್ರ ಜ್ವಾಳ ತೊಳೀತೇವಿ, ಬೀಸ್ತೇವಿ."

"ಖಂಡದಾಗ ಕಹಿ ಇಳೀತೈತೇನವ್ವಾ?"

"ನನಗೇನ ಗೊತ್ತೋ ಯಪ್ಪಾ? ಯಾರೂ ಹಾಕಿದ್ದ ನೋಡಿಲ್ಲ."

ರುಚಿ ನೋಡಿದರೆ ತಿಳಿಯುತ್ತಿತ್ತು. ನೋಡುವಂತಿರಲಿಲ್ಲ. ಯಾರ ನಾಲಿಗೆ ತಗುಲಿದರೂ ಹರಕೆ ಮುರಿಯುತ್ತದೆ. ಅಂದಿನಿಂದ ಎಂಟು ದಿನ ರಜೆ ಹಾಕಿ ನಾನು ಆ ಹರವಿಯ ಮುಂದೆ ಕೂತೆ. ಬೇವು ನಿಲ್ಲಿಸಿ ಜಾಲಿಯ ತೊಗಟೆ ಹಾಕಿದೆ. ದಿನಕ್ಕೆ ಎರಡು ಸಲ ಹೊಗೆ ಕೊಟ್ಟೆ. ಹೆಚ್ಚಾಯಿತೇನೋ ಎಂದು ಒಂದು ಸಲ ಮಾಡಿದೆ. ಕಡಿಮೆಯಾಯಿತೇನೋ ಎಂದು ಮೂರು ಸಲ ಮಾಡಿದೆ. ಖಂಡ ಮೊದಲು ಕೆಂಪಗಿತ್ತು, ಆಮೇಲೆ ಕಂದಾಯಿತು, ಆಮೇಲೆ ಹಳೆಯ ಚಪ್ಪಲಿಯ ಬಾರಿನಂತಾಯಿತು. ಒತ್ತಿ ನೋಡುತ್ತಿದ್ದೆ, ಮೂಸಿ ನೋಡುತ್ತಿದ್ದೆ. ಬೆಳಿಗ್ಗೆ ಮೂಸಿದರೆ ಕಹಿ ಇದೆ ಅನ್ನಿಸುತ್ತಿತ್ತು, ಸಂಜೆ ಮೂಸಿದರೆ ಇಲ್ಲ ಅನ್ನಿಸುತ್ತಿತ್ತು. ನಾಲ್ಕನೆಯ ದಿನಕ್ಕೆ ನನ್ನ ಅಂಗಿ, ಕೂದಲು, ರೊಟ್ಟಿ, ಎಲ್ಲವೂ ಹೊಗೆಯಂತೆ ನಾರತೊಡಗಿ, ಖಂಡದ ವಾಸನೆ ಯಾವುದು ನನ್ನದು ಯಾವುದು ಎಂದು ಬೇರೆ ಮಾಡುವುದೂ ಆಗದಾಯಿತು. ಹೆಂಡತಿಗೆ ಮೂಸಲು ಹೇಳಿದೆ. "ನನಗೂ ತಿಳೀವಲ್ದ್ರಿ. ನೀವು ಒಂದೀಟು ದೂರ ನಿಂತ್ರ ಹೇಳಬಹುದು" ಎಂದಳು.

ಅಣ್ಣ ಮುಂದಿನ ವಾರದ ಬುಧವಾರ ಬಂದ. ಮೊದಲು ಹಿಂಡಿನ ಸದ್ದು, ಆಮೇಲೆ ಒದ್ದೆ ಉಣ್ಣೆಯ ವಾಸನೆ, ಆಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡ ಅವನು. ಅವ್ವನ ಕಾಲು ಮುಟ್ಟಿದ. ನನ್ನ ಹೆಂಡತಿಗೆ "ಆರಾಮ ಏನ್ವಾ?" ಎಂದ. ನಾನು ಕಂಬದ ಹತ್ತಿರ ನಿಂತಿದ್ದೆ. ಅವನು ಕಂಬವನ್ನು ನೋಡಿದ.

ಅವ್ವ ಖಂಡವನ್ನು ಒರಳಲ್ಲಿ ಜಜ್ಜಿ, ಬೆಳ್ಳುಳ್ಳಿ ಹಾಕಿ ಎಣ್ಣೆಯಲ್ಲಿ ಹುರಿದಳು. ದೇವರ ಮುಂದೆ ದೀಪ ಹಚ್ಚಿ, ಒಂದೇ ಗಂಗಾಳ ಇಟ್ಟು, ನಡುವೆ ಖಂಡ, ಎರಡು ಕಡೆ ರೊಟ್ಟಿ ಹಾಕಿದಳು. ಅಣ್ಣ ಒಂದು ಕ್ಷಣ ನಿಂತ. ಅವನು ಕೂಡುವುದಿಲ್ಲ ಎಂದುಕೊಂಡೆ. ಕೂತ. ನಾನೂ ಎದುರಿಗೆ ಕೂತೆ. ನಮ್ಮ ಮೊಣಕಾಲುಗಳು ತಗುಲದಷ್ಟು ದೂರ ಸರಿದುಕೊಂಡೆ.

ಅವನು ಒಂದು ತುಣುಕು ಬಾಯಿಗೆ ಹಾಕಿದ. ಅಗಿದ. ಅಗಿಯುತ್ತಲೇ ಇದ್ದ. ಅವ್ವ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಾನು ಅವನ ದವಡೆಯನ್ನೇ ನೋಡುತ್ತಿದ್ದೆ. ಅದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ನುಂಗಿದ. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದ.

"ಬೇವು ಹಾಕೀಯೇನ್ಲೇ, ಮಬ್ಬ?"

"ಹೂಂ" ಎಂದೆ. "ಮೊದಲನೇ ದಿನ. ಹುಳಾ ಬೀಳಬಾರದಂತ."

"ಬಿದ್ದುವೇನು?"

"ಇಲ್ಲ."

"ಹೆಂಗ ಬೀಳ್ತಾವು? ಅವಕ್ಕೂ ನಾಲಿಗಿ ಇರ್ತೈತಲ್ಲ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ. ಅಣ್ಣ ಖಂಡವನ್ನು ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ನನ್ನ ಕಡೆ ನೂಕಿದ. "ತಿನ್ನು. ಇದನ್ನ ನಾ ಒಬ್ಬಾಂವ ತಿನ್ನಾಕ ಏನ ಪಾಪ ಮಾಡೇನಿ?"

ತಿಂದೆ. ಯುಗಾದಿಯ ಬೇವಿಗೆ ಬೆಲ್ಲವಾದರೂ ಇರುತ್ತದೆ. ಕಣ್ಣಲ್ಲಿ ನೀರು ಬಂತು, ಖಾರದಿಂದ ಎಂದುಕೊಳ್ಳುವುದಕ್ಕೆ ಖಾರವೂ ಅಷ್ಟಿರಲಿಲ್ಲ. ಅಣ್ಣ ಬಿಡದೆ ತಿನ್ನುತ್ತಿದ್ದ. ನಾನು ರೊಟ್ಟಿ ಮುರಿಯುತ್ತ, "ಅಣ್ಣಾ, ಆವತ್ತ ಹುನಗುಂದದಾಗ..." ಎಂದು ಶುರುಮಾಡಿದೆ. ಈ ಮಾತನ್ನು ಎರಡು ವರ್ಷದಿಂದ ಬಸ್ಸಿನಲ್ಲಿ, ಕಚೇರಿಯಲ್ಲಿ, ನಿದ್ದೆ ಬಾರದಾಗ ಜೋಡಿಸಿಟ್ಟುಕೊಂಡಿದ್ದೆ.

"ಇದ್ದಲಿ ಯಾವ್ದು?" ಎಂದ ಅವನು.

"ಆಂ?"

"ಇದ್ದಲಿ. ಯಾವ ಕಟಗಿದು?"

"ಜಾಲಿ."

"ಅದೊಂದ ಸರಿ ಮಾಡಿ. ಹರವಿ ತೋರ್ಸು."

ಅವನು ಆವತ್ತಿನದನ್ನು ಕ್ಷಮಿಸಿದನೋ, ಕೇಳಲು ಇಷ್ಟವಿಲ್ಲವೆಂದನೋ, ಅಥವಾ ಅವನಿಗೆ ನಿಜವಾಗಿ ಇದ್ದಿಲಿನದೇ ಚಿಂತೆಯಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೈ ತೊಳೆದು ಹಿತ್ತಲಿಗೆ ಹೋದೆವು. ಅವನು ಹರವಿಯ ಸುತ್ತ ಒಂದು ಸುತ್ತು ಹಾಕಿ, ತಳದ ತೂತಿಗೆ ಬೆರಳಿಟ್ಟು, ತಲೆಯಾಡಿಸಿದ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹೇಳತೊಡಗಿದ. ಕೆಂಡದ ಮೇಲೆ ಬೂದಿ ಮುಸುಕಬೇಕು. ಒಣಗಿದ ಕುರಿಹಿಕ್ಕಿ ಹಾಕಬೇಕು, ಆದರೆ ಹಸಿರು ಮೇಯ್ದ ಕುರಿಯದಲ್ಲ. ಗಾಳಿ ಪಡುವಣದಿಂದ ಬಂದರೆ ತೂತು ಅರ್ಧ ಮುಚ್ಚಬೇಕು, ಮೂಡಣದಿಂದ ಬಂದರೆ ಪೂರ್ತಿ ಬಿಡಬೇಕು, ಮಳೆಗಾಳಿಯಾದರೆ ನೋಡಿಕೊಂಡು ಮಾಡಬೇಕು.

ನಾನು ಕಚೇರಿಯ ಹಾಳೆಯೊಂದರ ಹಿಂಭಾಗದಲ್ಲಿ ಪೆನ್ಸಿಲಿನಿಂದ ಎಲ್ಲವನ್ನೂ ಬರೆದುಕೊಂಡೆ. "ಒಟ್ಟ ಎಷ್ಟ ತಾಸು ಹೊಗಿ ಕೊಡಬೇಕು?" ಎಂದು ಕೇಳಿದೆ.

"ಆಗೂ ತನಕ."

"ಆದದ್ದು ಹೆಂಗ ತಿಳೀತೈತಿ?"

"ಹಸಿ ವಾಸನಿ ಹೋಗತೈತಿ. ಆವಾಗ ಅಲ್ಲ, ಅದರ ಮುಂದ ಒಂದೀಟು."

"ಒಂದೀಟು ಅಂದ್ರ ಅರ್ಧಾ ತಾಸೇನು?"

"ಲೇ, ಕುರಿ ಗಡಿಯಾರ ಕಟ್ಟಿಕೊಂಡಿರ್ತಾವೇನ್ಲೇ?" ಎಂದು ಅವನು ರೇಗಿದ. ರೇಗಿ, ಮತ್ತೆ ಮೊದಲಿನಿಂದ ಶುರುಮಾಡಿದ: ಕೆಂಡ, ಬೂದಿ, ಹಿಕ್ಕಿ, ಗಾಳಿ. ಎರಡನೆಯ ಸಲಕ್ಕೆ ಗಾಳಿಯ ಮಾತು ಮೊದಲಿನದಕ್ಕೆ ತದ್ವಿರುದ್ಧವಾಗಿತ್ತು. ನಾನು ಅದನ್ನೂ ಬರೆದುಕೊಂಡೆ. ಅಷ್ಟರಲ್ಲಿ ಬೂದಿಯ ಸಂಗತಿ, ಹಿಕ್ಕಿಯ ಸಂಗತಿ ನನಗೆ ತಿಳಿದೇಹೋಗಿತ್ತು. ಹನಿ ನಿಂತಿತ್ತು. ಓಣಿಯಲ್ಲಿ ಹಿಂಡು ಕಾಯುತ್ತಿತ್ತು, ಯಾರೋ ಹೊರಗಿನಿಂದ ಅಣ್ಣನನ್ನು ಕೂಗಿದರು. ಅವನು ಎದ್ದು ಹೋದಾನೆಂದು ನನಗೆ ಹೆದರಿಕೆಯಾಯಿತು.

ಪೆನ್ಸಿಲಿನ ತುದಿ ನೆಕ್ಕಿಕೊಂಡು ಹೇಳಿದೆ. "ಬೂದಿದು ತಿಳೀಲಿಲ್ಲ ಅಣ್ಣಾ. ಇನ್ನೊಮ್ಮೆ ಹೇಳು."